ಪಾಲಿಶ್ ನೀರಿಗೆ ಕೋಳಿ ಕಣ್ಣು

ನಾನು ವಾಡಿ ರಸ್ತೆಯ ಒಂದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವಳು. ಅದಕ್ಕೂ ಮೊದಲು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದೆ. ಸೊಂಟ ಕೈಕೊಟ್ಟಿತು, ಬಿಟ್ಟೆ. ನನ್ನ ಜಾಗಕ್ಕೆ ಸೊಸೆ ಹೋದಳು.

ಲ್ಯಾಬಿನಲ್ಲಿ ನಡೆಯುವುದು ಇಷ್ಟು. ಕಾರ್ಖಾನೆಯವರು, ಕಲ್ಲಿನವರು ಬಳಸುವ ಆಸಿಡ್ಡು, ಎಣ್ಣೆ, ಪಾಲಿಶ್ ನೀರು ಕಣ್ಣಿಗೆ ಸಿಡಿದರೆ ಏನಾಗುತ್ತದೆ ಎಂದು ನೋಡುತ್ತಾರೆ. ಹಿಂದೆ ಇದನ್ನೆಲ್ಲ ಜೀವಂತ ಮೊಲದ ಕಣ್ಣಿಗೆ ಹಾಕಿ ನೋಡುತ್ತಿದ್ದರಂತೆ. ಈಗ ಹಾಗೆ ಮಾಡುವುದಿಲ್ಲ. ತಿನ್ನುವುದಕ್ಕೆ ಹೇಗೂ ಕೊಯ್ದ ಕೋಳಿಯ ತಲೆ ತರುತ್ತಾರೆ. ಎರಡು ತಾಸಿನೊಳಗೆ ತಂದರೆ ಕಣ್ಣು ಇನ್ನೂ ಕೆಟ್ಟಿರುವುದಿಲ್ಲ. ಅದನ್ನು ಬಿಡಿಸಿ, ಉಪ್ಪುನೀರು ಹನಿಯುವ ಗಾಜಿನ ಗೂಡಿನಲ್ಲಿಟ್ಟು, ಮೇಲೆ ಒಂದು ಹನಿ ಆಸಿಡ್ಡೋ ಮತ್ತೊಂದೋ ಬಿಟ್ಟು ತೊಳೆದು, ನಾಲ್ಕು ತಾಸು ನೋಡುತ್ತ ಕೂಡುತ್ತಾರೆ. ಮೊಲದ ಮಾತು ಹೇಳುವಾಗ ನಮ್ಮ ಮೇಡಂ ಪಾಪ ಪಾಪ ಎಂದಳು. ಸೇಡಂ ಕಡೆಯ ಹುಡುಗಿ, ಓದಿದವಳು.

"ನಮ್ಮ ಪಾಲಿಶ್ ಕಟ್ಟಿ ಮ್ಯಾಲ ಮೊಲ ಇದ್ದಿಲ್ರಿ ಮೇಡಂ, ನಾವೇ ಇದ್ವಿ" ಎಂದೆ. ಆಮೇಲೆ ಅವಳು ಮೊಲದ ಮಾತು ಎತ್ತಲಿಲ್ಲ.

ಆ ವಾರ ಪರೀಕ್ಷೆಗೆ ಬಂದದ್ದು ನನ್ನ ಸೊಸೆ ದುಡಿಯುವ ಕಡೆಯ ಹೊಸ ಪಾಲಿಶ್ ನೀರು. ಅದು ಬಂದ ಡ್ರಮ್ಮಿನ ಮೇಲೆ, ಒಳಗೆ ಏನಿದೆ ಎಂಬ ಒಂದು ಚೀಟಿ ಕೂಡ ಇರಲಿಲ್ಲವಂತೆ. ಅಲ್ಲಿಯ ಸಾವಕಾರ ಅದರದೊಂದು ಸಣ್ಣ ಬಾಟಲಿ ಕಳಿಸಿ, ಸೋಮವಾರ ಬೆಳಗ್ಗೆಯಿಂದ ಮಷೀನಿಗೆ ಅದನ್ನೇ ಹಾಕುತ್ತೇನೆ, ಅಷ್ಟರಲ್ಲಿ ನಿಮ್ಮ ಪರೀಕ್ಷೆಯ ಕಾಗದ ಬಂದರೆ ನೋಡುತ್ತೇನೆ, ಬರದಿದ್ದರೆ ಬಿಟ್ಟೆ ಎಂದಿದ್ದ. ಮಷೀನಿನ ಚಕ್ರ ತಿರುಗಿದರೆ ಆ ನೀರು ಎಲ್ಲಿಗೆ ಸಿಡಿಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೆಟ್ಟಗೆ ಮುಖಕ್ಕೆ.

ಅದೇ ವಾರ, ದಿನಾ ಕೋಳಿ ತಲೆ ತರುತ್ತಿದ್ದ ಗಂಡಾಳು ತೊಗರಿ ರಾಶಿಗೆಂದು ಗುಂಡಗುರ್ತಿಗೆ ಹೋದ. ತಲೆ ತರುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಲಿಂಗ ಕಟ್ಟಿಕೊಂಡವಳು, ನಮ್ಮ ಮನೆಯಲ್ಲಿ ತತ್ತಿ ಕೂಡ ಒಡೆದಿಲ್ಲ. ಆದರೂ ಹೋದೆ. ಅಂಗಡಿಯ ಹೊರಗೆ ರಸ್ತೆ ಕಡೆ ಮುಖ ಮಾಡಿ ನಿಂತೆ. ಅಂಗಡಿಯವನು ಡಬ್ಬಿ ತುಂಬಿ ಮುಚ್ಚಳ ಬಡಿದು ಕೈಗೆ ಕೊಟ್ಟ. ನಾನು ಒಳಗೆ ನೋಡಲಿಲ್ಲ. ಮೂಗಿಗೆ ಸೆರಗು ಹಿಡಿದು ಆಟೋ ಹತ್ತಿದೆ.

ಗುರುವಾರ ಮೇಡಂ ಕೋಳಿ ಕಣ್ಣಿಗೆ ಬಣ್ಣದ ಹನಿ ಹಾಕಿ, ತೊಳೆದು, ನೀಲಿ ದೀಪ ಹಿಡಿದಳು. ಚಲೋ ಕಣ್ಣಾದರೆ ಏನೂ ಹೊಳೆಯಬಾರದು. ಮೇಲಿನ ಪೊರೆ ಕೆಟ್ಟಿದ್ದರೆ ಹಸಿರಾಗಿ ಹೊಳೆಯುತ್ತದೆ. ತಂದ ಕಣ್ಣೆಲ್ಲ ಹೊಳೆದವು. ಅಷ್ಟನ್ನೂ ಚೆಲ್ಲಿದಳು.

"ತಡ ಮಾಡಿದ್ರೇನು ಆಯಿ?"

"ಅರ್ಧ ತಾಸಿನ್ಯಾಗ ತಂದೀನ್ರಿ."

ಶುಕ್ರವಾರವೂ ಅದೇ. ಒಂದು ಕಣ್ಣೂ ಉಳಿಯಲಿಲ್ಲ. ಈ ಸಲ ಮೇಡಂ ದನಿ ಬಿಗಿಯಾಯಿತು.

"ದಾರ್ಯಾಗ ಡಬ್ಬಿ ಬಿಸಲಿಗಿ ಇಡ್ಲಿಕತ್ತೀರಿ ನೀವು. ಇಲ್ಲಾಂದ್ರ ಹಿಂಗ ಯಾಕ ಆಗತದ?"

"ಡಬ್ಬಿ ಮಡಿಲಾಗ ಇಟ್ಕೊಂಡು ಬಂದೀನಿ. ಕೂಸಿನ್ನ ಬೀ ಹಿಂಗ ಹಿಡದಿಲ್ಲ ನಾನು."

"ಹಂಗಾದ್ರ ಕೋಳಿಗೇ ರೋಗ ಅದ. ಪುಕ್ಕಕ್ಕ ಹೇಲು ಹತ್ತಿರತದ, ನೋಡ್ರಿ, ಹಳದಿ. ಎಂಥ ಅಂಗಡಿಯೋ ಏನೋ."

ನಾನು ನೋಡಲಿಲ್ಲ. ಯಾಕೆ ನೋಡಲಿ. ಉಳಿದದ್ದು ಒಂದು ಶನಿವಾರ. ಮನೆಗೆ ಬಂದು ಸೊಸೆಗೆ, ಸೋಮವಾರ ಹೋಗಬೇಡ ಎಂದೆ. ಹೋಗದಿದ್ದರೆ ನನ್ನ ಜಾಗಕ್ಕೆ ಬೇರೆಯವಳು ಬರುತ್ತಾಳೆ, ಆಮೇಲೆ ನೀನು ತಂದು ಹಾಕುತ್ತೀಯಾ ಎಂದಳು. ಅವಳ ಮಾತೂ ಸುಳ್ಳಲ್ಲ. ಅದಕ್ಕೇ ಮತ್ತಷ್ಟು ಸಿಟ್ಟು ಬಂತು.

ಶನಿವಾರ ರಸ್ತೆಗೆ ಮುಖ ಮಾಡಲಿಲ್ಲ. ಅಂಗಡಿಯೊಳಗೆ ಹೋಗಿ ಕಟ್ಟೆಯ ಎದುರಿಗೇ ನಿಂತೆ. ಅಂಗಡಿಯವನು ಗಾಬರಿಯಾದ. ಮಗನ ವಯಸ್ಸಿನ ಸಾಬರ ಹುಡುಗ, ಮಾತು ಮೆತ್ತಗೆ.

"ಹೊರಗ ಕುಂದ್ರಿ ಆಯಿ. ನಿಮಗ ಆಗಂಗಿಲ್ಲ, ವಾಸನಿ ಬರತದ."

"ಬರ್ಲಿ. ನೀ ನಿನ್ನ ಕೆಲಸ ಮಾಡು, ನಾ ನೋಡ್ತೀನಿ."

ಅವನು ಕೊಯ್ದ. ನೋಡಿದೆ. ತಲೆಗಳನ್ನು ಒಂದು ಕಡೆ ಹಾಕಿದ. ನೋಡಿದೆ. ಆಮೇಲೆ ಕೆಳಗಿನಿಂದ ಒಂದು ಬೋಗುಣಿ ತೆಗೆದ. ಅದರಲ್ಲಿ ಅರಿಶಿಣದ ನೀರು, ಮೇಲೆ ಒಂದು ಮುಷ್ಟಿ ಉಪ್ಪು ಹಾಕಿದ. ಒಂದೊಂದೇ ತಲೆಯನ್ನು ಅದರಲ್ಲಿ ಅದ್ದಿ, ಬೆರಳಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಲು ಕೈ ಹಾಕಿದ.

"ಇದೇನು ಮಾಡ್ಲಿಕತ್ತೀ?"

"ಅರಿಶಿಣ ಆಯಿ. ವಾಸನಿ ಹೋಗತದ. ಮನ್ಯಾಗ ಎಲ್ಲಾರೂ ಹಿಂಗೇ ತೊಳೀತಾರ."

"ಮೊದಲು ಬರ್ತಿದ್ದನಲ್ಲ, ಅವನಿಗಿ ಬೀ ಹಿಂಗೇ ಕೊಡ್ತಿದ್ದೇನು?"

"ಅವನಿಗ್ಯಾಕ್ರಿ? ಅವನು ಎರಡು ಹೊತ್ತು ತಿನ್ನಾವ. ನೀವು ಲಿಂಗದವ್ರು, ಡಬ್ಬಿ ಮಡಿಲಾಗ ಇಟ್ಕೊಂಡು ಹೋಗ್ತೀರಿ. ನಿಮಗ ತ್ರಾಸ ಆಗಬಾರದಂತ ನಾನೇ ಮಾಡ್ದೆ."

ಅವನಿಗೆ ಏನೆಂದು ಬೈಯಲಿ. ನನಗೆಂದು ಮರ್ಯಾದೆ ಮಾಡಿದ್ದ. ಆ ಮರ್ಯಾದೆಯಿಂದ ಎರಡು ದಿನ ಹಾಳಾಗಿತ್ತು. ಆ ತಲೆ ಬಿಟ್ಟುಬಿಡು, ಬೇರೆ ಕೋಳಿಯವು ಕೊಡು, ನೀರು ಸಹ ಮುಟ್ಟಿಸಬೇಡ ಎಂದೆ. ಲ್ಯಾಬಿನವರು ಕೊಟ್ಟ ಉಪ್ಪುನೀರಿನ ಒದ್ದೆ ಕಾಗದವನ್ನು ಡಬ್ಬಿಯ ತಳಕ್ಕೆ ನಾನೇ ಹಾಸಿದೆ. ತಲೆಗಳನ್ನೂ ನಾನೇ ಕೈಯಿಂದ ಎತ್ತಿ ಇಟ್ಟೆ. ಇನ್ನೂ ಬೆಚ್ಚಗಿದ್ದವು.

ಮೇಡಂಗೆ ಹೇಳಿದಾಗ ಅವಳು ಹಣೆ ಹಿಡಿದುಕೊಂಡಳು. "ಅರಿಶಿಣ ತಾನೇ ನೀಲಿ ದೀಪಕ್ಕ ಹೊಳಿತದ. ಮ್ಯಾಲ ಉಪ್ಪು ಹಾಕಿ ಉಜ್ಜಿದ್ರ ಪೊರಿ ಬೀ ಕೆಡತದ. ಎರಡು ದಿನ ನೋಡಿದೆ, ನನಗ ತಿಳೀಲಿಲ್ಲ."

"ಹೇಲು ಅಂದ್ರಿ."

"ನಮ್ಮ ಮನ್ಯಾಗ ಬೀ ಕೋಳಿ ಮಾಡಂಗಿಲ್ಲಲ್ರಿ ಆಯಿ, ಅರಿಶಿಣ ಅಂತ ಹ್ಯಾಂಗ ತಿಳೀಬೇಕು" ಎಂದಳು. ನಗಲು ನೋಡಿದಳು. ನಾನು ನಗಲಿಲ್ಲ.

ಆ ದಿನದ ಕಣ್ಣು ಒಂದೂ ಹೊಳೆಯಲಿಲ್ಲ. ಕೆಲವಕ್ಕೆ ಬರೀ ಉಪ್ಪುನೀರು ಬಿಟ್ಟಳು, ಅವು ಸಂಜೆಯ ತನಕ ತಿಳಿಯಾಗಿಯೇ ಇದ್ದವು. ಮೂರು ಕಣ್ಣಿಗೆ ಸಾವಕಾರನ ಪಾಲಿಶ್ ನೀರಿನ ಹನಿ ಬಿಟ್ಟು, ಹತ್ತು ಎಣಿಸಿ ತೊಳೆದಳು. ಅರ್ಧ ತಾಸಿಗೆ ಮಂಜು ಹಿಡಿದಂತಾಯಿತು. ನಾಲ್ಕು ತಾಸಿಗೆ ಬೇಯಿಸಿದ ತತ್ತಿಯ ಬಿಳುಪು, ಕಪ್ಪು ಗುಡ್ಡೆ ಕಾಣದೇ ಹೋಯಿತು. ಊದಿಯೂ ಇತ್ತು. ಮೇಡಂ ಅಳತೆ ಹಿಡಿದು ಬರೆದಳು, ಕಣ್ಣಿಗೆ ಭಾರಿ ಹಾನಿ ಎಂದು. ಆ ಸಾಲು ಎಲ್ಲಿದೆ ಎಂದು ಅವಳಿಂದ ಬೆರಳಿಟ್ಟು ತೋರಿಸಿಕೊಂಡು, ಕಾಗದ ಅಂದೇ ಸಾವಕಾರನಿಗೆ ನಾನೇ ಒಯ್ದೆ.

ಸಾವಕಾರ ಓದಿದ. ಇನ್ನೊಮ್ಮೆ ಓದಿದ.

"ಕೋಳಿ ಕಣ್ಣು ಸುಟ್ರ ಮಂದಿ ಕಣ್ಣು ಬೀ ಸುಡಬೇಕಂತ ಏನದ?"

"ಹಂಗಾದ್ರ ನಿಮ್ಮ ಕಣ್ಣಾಗ ಒಂದು ಹನಿ ಬಿಟ್ಕೊಳ್ರಿ ಸಾವಕಾರ್ರ. ಮುಂದಿನ ಸಲ ಕೋಳಿಯರೆ ಉಳೀತಾವ."

ಸಾವಕಾರ ಮುಖ ಆ ಕಡೆ ಮಾಡಿ, ಆ ನೀರು ಮಾರಿದವನಿಗೆ ಫೋನು ಹಚ್ಚಿದ. ಡ್ರಮ್ಮು ವಾಪಸು ತೆಗೆದುಕೊಳ್ಳಲು ಹದಿನೈದು ದಿನ ಬೇಕು ಎಂದನಂತೆ. ಅಲ್ಲಿಯ ತನಕ ಇದೇ ನೀರು, ಕೆಲಸ ನಿಲ್ಲಿಸಲು ಆಗುವುದಿಲ್ಲ, ಎಲ್ಲರಿಗೂ ಚಸ್ಮಾ ತರಿಸುತ್ತೇನೆ ಎಂದ. ಸೋಮವಾರ ತರಿಸಿಯೂ ಬಿಟ್ಟ, ಕಣ್ಣಿನ ಸುತ್ತ ರಬ್ಬರು ಕೂಡುವಂಥವು. ನಂಬಿಕೆ ಇಲ್ಲದೆ ನಾನೇ ಹೋಗಿ ನೋಡಿದೆ. ಸೊಸೆ ಅದನ್ನು ತಲೆಯ ಮೇಲೆ ಏರಿಸಿಕೊಂಡು ಮಷೀನು ಹಿಡಿದಿದ್ದಳು.

"ಕಣ್ಣು ತಲಿ ಮ್ಯಾಲ ಅವೇನು ನಿಂಗ?"

"ಹಬೆ ಹಿಡೀತದ ಅತ್ತಿ, ಕಲ್ಲೇ ಕಾಣಸಂಗಿಲ್ಲ."

"ಒರೆಸ್ಕೊ."

"ಎಷ್ಟು ಸಲ ಒರೆಸ್ಕೋಬೇಕು?"

"ಹದಿನೈದು ದಿನ."

ಮಷೀನಿನ ಬಟನ್ನು ಬಂದ್ ಮಾಡಿ ಅದರ ಮುಂದೆಯೇ ಕೂತೆ. ಉಳಿದ ಮೂವರು ಹೆಂಗಸರು, ನಮ್ಮ ಕೆಲಸ ಯಾಕೆ ನಿಲ್ಲಿಸುತ್ತೀ ಮುದುಕಿ ಎಂದು ಬೈದರು. ಅವರ ಚಸ್ಮಾವೂ ತಲೆಯ ಮೇಲೇ ಇದ್ದವು. ನಾಲ್ವರೂ ಇಳಿಸಿಕೊಂಡ ಮೇಲೆ ಎದ್ದೆ. ಯಾರಾದರೂ ಏರಿಸಿದರೆ ಮತ್ತೆ ಬಂದ್ ಮಾಡುತ್ತಿದ್ದೆ. ಮಧ್ಯಾಹ್ನದ ತನಕ ಅದೇ ಆಯಿತು. ಲ್ಯಾಬಿನಿಂದ ಫೋನು ಬಂತು, ಎತ್ತಲಿಲ್ಲ.

ಸಂಜೆ ಸೊಸೆ ಮನೆಗೆ ಬಂದಾಗ ಮೂಗಿನ ಮೇಲೆ, ಕೆನ್ನೆಯ ಮೇಲೆ ರಬ್ಬರಿನ ಗುರುತು ಕೆಂಪಗೆ ಮೂಡಿತ್ತು. ನನ್ನ ಸಂಗಡ ಮಾತಾಡದೆ ಒಲೆ ಹಚ್ಚಿದಳು. ಮಾತಾಡದಿದ್ದರೂ ನಡೆಯುತ್ತದೆ.