ಕರಿಕಂಬಳಿಯ ರಕ್ಕಸ

ನಮ್ಮ ಅಡಿಗೆಕೋಣೆಯ ತೊಲೆಯಲ್ಲಿ ಒಂದು ದಬ್ಬಣ ಚುಚ್ಚಿಕೊಂಡಿದೆ. ಗೇಣುದ್ದದ್ದು, ತುದಿ ತುಸು ಬಾಗಿದ್ದು. ಕಡಲೆಕಾಯಿ ಚೀಲದ ಬಾಯಿ ಹೊಲಿಯಲು ವರ್ಷಕ್ಕೆ ನಾಲ್ಕು ದಿನ ಬೇಕಾಗಿ, ಉಳಿದ ದಿನವೆಲ್ಲ ಯಾರಿಗೂ ಬೇಡವಾಗುವ ಸಾಮಾನು. ಇದನ್ನು ಎಸೆದು ಹೊಸದು ತರೋಣವೆಂದು ಸೊಸೆ ಎಷ್ಟೋ ಸಲ ಹೇಳಿದಳು, ನಾನು ಬಿಡಲಿಲ್ಲ. ಮುದುಕಿಯ ಹಟ ಎಂದುಕೊಂಡಿರಬೇಕು. ಹಟವಲ್ಲ, ಗೆಳೆಯರೇ, ನನಗೆ ಅದರ ಭಯ. ಮಗನ ಹಲಗೆಯ ಮೇಲೆ ಕದ್ದು ಅಕ್ಷರ ತಿದ್ದಿ ಕಲಿತವಳು ನಾನು. ಕಲಿತ ಮೇಲೆ ಊರವರ ಕಾಗದವನ್ನೆಲ್ಲ ಬರೆದುಕೊಟ್ಟೆ, ಈ ದಬ್ಬಣದ ವಿಷಯ ಮಾತ್ರ ಬರೆಯದೆ ಉಳಿಸಿಕೊಂಡೆ.

ಮಡಕಶಿರದ ಪಕ್ಕದ ಹಟ್ಟಿಯೊಂದು ನನ್ನ ತವರು. ಅಪ್ಪ ಇರಲಿಲ್ಲ, ಅವ್ವ, ಅಣ್ಣ, ನಾನು, ಒಂದಷ್ಟು ಕುರಿ. ಅಣ್ಣ ಸಿದ್ದಣ್ಣನಿಗೆ ಎಳವೆಯಲ್ಲಿ ಜ್ವರ ಬಂದು ಎಡಗಾಲು ಸೊರಗಿತ್ತು. ಕುರಿಯ ಹಿಂದೆ ಓಡಲಾರದವನಿಗೆ ಹಟ್ಟಿಯಲ್ಲಿದ್ದ ಉದ್ಯೋಗ ಎರಡೇ: ಉಣ್ಣೆ ಬಿಡಿಸುವುದು, ಹೆಸರು ಬಿಟ್ಟು ‘ಕುಂಟ’ ಎಂದು ಕರೆದರೂ ಓಗೊಡುವುದು. ಎರಡನ್ನೂ ಅವನು ನಗುನಗುತ್ತಲೇ ಮಾಡುತ್ತಿದ್ದುದರಿಂದ, ಅವನಿಗೆ ನೋವಾಗುವುದಿಲ್ಲವೆಂದು ನಾವೆಲ್ಲ ಅನುಕೂಲವಾಗಿ ನಂಬಿಕೊಂಡಿದ್ದೆವು.

ಮದ್ರಾಸ್ ಸರ್ಕಾರದ ಕಾಲ ಅದು. ಒಂದು ಬೇಸಿಗೆಯಲ್ಲಿ ಮಡಕಶಿರಕ್ಕೆ ಟೆಂಟ್ ಸಿನಿಮಾ ಬಂತು. ಚಿತ್ರದಲ್ಲಿ ಗುಹೆಯಿಂದ ಹೊರಬರುವ, ಮೈತುಂಬ ರೋಮದ ರಕ್ಕಸನೊಬ್ಬನಿದ್ದನಂತೆ. ನಾನು ನೋಡಲಿಲ್ಲ, ಹೆಣ್ಣುಮಕ್ಕಳನ್ನು ಯಾರು ಬಿಡುತ್ತಾರೆ? ಅಣ್ಣ ಮೂರು ಸಲ ನೋಡಿ ಬಂದು, ಟೆಂಟಿನ ಮ್ಯಾನೇಜರನ ಹತ್ತಿರ ತಾನೇ ಹೋಗಿ, ಅಂಥದೇ ರಕ್ಕಸನ ವೇಷ ಕಟ್ಟಿಕೊಂಡು ನಿಮ್ಮ ನೋಟೀಸಿನ ಗಾಡಿಯ ಮುಂದೆ ನಡೆಯುತ್ತೇನೆ ಎಂದ. ಜನ ಕೂಡಿದರೆ ಕಂಪನಿಯಲ್ಲೇ ಇರು, ಊರೂರು ತಿರುಗು ಎಂದು ಮ್ಯಾನೇಜರ್ ಒಪ್ಪಿದ.

“ಈರಿ, ಈ ಹಟ್ಟಿಯಿಂದ ಆಚೆ ಹೋಗೋಕೆ ನಂಗೆ ಇದೊಂದೇ ದಾರಿ ಐತೆ. ನೀನು ಹೊಲಿದು ಕೊಟ್ರೆ ಆಯ್ತದೆ,” ಎಂದ ಅಣ್ಣ.

ರಕ್ಕಸನ ತಲೆ ಸುಲಭವಾಯಿತು. ಗಾಡಿಯಿಂದ ಎಸೆದ ನೋಟೀಸುಗಳನ್ನೇ ಆಯ್ದು ತಂದು, ಮೆಂತ್ಯದ ಜೊತೆ ನೆನೆಹಾಕಿ ರುಬ್ಬಿ, ಮೊರಕ್ಕೆ ಬಳಿಯುವ ಹಾಗೆ ಒಂದು ಹಳೆಯ ಬುಟ್ಟಿಗೆ ಬಳಿದೆವು. ಟಗರಿನ ಕೊಂಬು ಸಿಕ್ಕಿಸಿದೆವು, ತೆಂಗಿನ ಚಿಪ್ಪಿಗೆ ತೂತು ಕೊರೆದು ಕಣ್ಣು ಮಾಡಿದೆವು, ಸೋರೆಬುರುಡೆಯ ಚೂರಿನಿಂದ ಹಲ್ಲು. ಮೈಗೆ ಏನು ಮಾಡುವುದು? ಮನೆಯಲ್ಲಿದ್ದದ್ದು ಒಂದೇ ದೊಡ್ಡ ಕರಿಕಂಬಳಿ. ನನ್ನ ಮದುವೆಗೆ ಹಾಸಲೆಂದು, ಬಣ್ಣ ಹಾಕದ ಹುಟ್ಟುಕಪ್ಪು ಉಣ್ಣೆಯನ್ನೇ ಆರಿಸಿ ಅಪ್ಪ ನೇಯ್ದಿಟ್ಟು ಹೋದದ್ದು. ನಮ್ಮಲ್ಲಿ ಹಾಸುವ ಕಂಬಳಿಗೆ ಕತ್ತರಿ ತಗಲಬಾರದು. ಅಣ್ಣ ಅದನ್ನು ಕೇಳಲಿಲ್ಲ. ಅದರ ಕಡೆ ನೋಡಿ ಮುಖ ತಿರುಗಿಸಿಕೊಂಡ. ಅವ್ವ ಹೊರಗೆ ಹೋಗಿದ್ದಾಗ ನಾನೇ ಕತ್ತರಿಸಿದೆ. ಅಪ್ಪನ ದಬ್ಬಣದಿಂದ ತೋಳು ಕೂಡಿಸಿ, ಮೇಕೆಯ ಕೂದಲನ್ನು ಕುಚ್ಚುಕುಚ್ಚಾಗಿ ಹೊಲಿದು, ಹುಣಸೆಬೀಜದ ಗಂಜಿ ಹಾಕಿ ಸೆಟೆಯುವಂತೆ ಒಣಗಿಸಿದೆ. ಅವ್ವ ಬಂದು ನೋಡಿದವಳು ಬೈಯಲಿಲ್ಲ. ಎಂಟು ದಿನ ಮಾತು ಬಿಟ್ಟಳು.

ಸಂತೆಯ ದಿನ ಅಣ್ಣ ಅದನ್ನು ತೊಟ್ಟು ಮಡಕಶಿರದ ಬೀದಿಯಲ್ಲಿ ನಡೆದ. ಎಡಗಾಲನ್ನು ಎಳೆದು, ಹೆಗಲು ತಗ್ಗಿಸಿ, ತಡೆದು ಮುಂದಕ್ಕೆ ಬೀಳುವಂತೆ ಹೆಜ್ಜೆಯಿಡುವ ಆ ನಡಿಗೆಯನ್ನು ಊರು ಇಪ್ಪತ್ತು ವರ್ಷದಿಂದ ಅಣಕಿಸುತ್ತಿತ್ತು. ಮೇಲೆ ಒಂದಿಷ್ಟು ರೋಮ ಬಂದದ್ದೇ ತಡ, ಅದೇ ಊರು ಎರಡೂ ಬದಿಗೆ ಸರಿದು ದಾರಿ ಬಿಟ್ಟಿತು. ಮ್ಯಾನೇಜರ್ ತೆಲುಗಿನಲ್ಲಿ “ಆ ನಡಕ ಚೂಡಂಡಿ, ಆ ನಡಕ” ಎಂದು ನಡಿಗೆಯನ್ನೇ ತೋರಿಸಿ ಎಲ್ಲರಿಗೂ ಹೇಳಿದ. ಒಬ್ಬ ಮನುಷ್ಯ ಮರ್ಯಾದೆ ಪಡೆಯಬೇಕಾದರೆ ಮೊದಲು ಮನುಷ್ಯನ ಹಾಗೆ ಕಾಣುವುದನ್ನು ಬಿಡಬೇಕೇನೋ ಎಂದು ಈಗ ಅನ್ನಿಸುತ್ತದೆ. ಅಂದು ನನಗೆ ಹೆಮ್ಮೆಯಲ್ಲದೆ ಬೇರೇನೂ ಅನ್ನಿಸಲಿಲ್ಲ.

ಟೆಂಟು ಮುಂದಿನ ಊರಿಗೆ ಹೊರಟಾಗ ನನ್ನ ಮದುವೆ ಹತ್ತಿರವಿತ್ತು. ತಂಗಿಯ ಮದುವೆ ಮುಗಿಸಿ ಬರುತ್ತೇನೆಂದ ಅಣ್ಣನಿಗೆ, ವೇಷ ನಮ್ಮ ಪೆಟ್ಟಿಗೆಯಲ್ಲಿರಲಿ, ನೀನು ಆಮೇಲೆ ಬಂದು ಸೇರಿಕೋ ಎಂದ ಮ್ಯಾನೇಜರ್. ಸೇರಿದಾಗ ಹೊಲಿಗೆ ಬಿಚ್ಚಿದರೆ ಇರಲಿ ಎಂದು ನಾನು ದಬ್ಬಣವನ್ನು ಅಣ್ಣನ ಎಲೆಯಡಿಕೆ ಸಂಚಿಗೆ ಹಾಕಿದೆ. ಎರವಲು ಕಂಬಳಿಯ ಮೇಲೆ ಕೂತು ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಬಂದಲ್ಲಿ ನೀರಿಗೆ ಹೋದಾಗ, ಕಾಳು ಕೇರುವಾಗ, ನಮ್ಮಣ್ಣ ಸಿನಿಮಾ ಕಂಪನಿಯಲ್ಲಿದ್ದಾನೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಅವನು ಕುಂಟನೆಂದು ಹೇಳಲಿಲ್ಲ.

ಕೆಲವು ತಿಂಗಳಿಗೆ ಅದೇ ಟೆಂಟು ರಾಯದುರ್ಗಕ್ಕೆ ಬಂತು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ತಮಟೆ ಕೇಳಿ ಬಾಗಿಲಿಗೆ ಓಡಿದೆ. ನನ್ನ ಕಂಬಳಿ, ನನ್ನ ಹೊಲಿಗೆ, ಎಡಗಾಲು ಎಳೆಯುವ ಅದೇ ನಡಿಗೆ. ಎದುರುಮನೆಯ ಗಂಗವ್ವನಿಗೆ, “ಒಳಗಿರೋದು ನಮ್ಮಣ್ಣ,” ಎಂದೆ.

“ಭಾಳ ಚಂದ ಕುಂಟತಾನವ್ವ ನಿಮ್ಮಣ್ಣ. ಖರೇನ ಕುಂಟ ಇದ್ದಂಗ ಅನಸ್ತದ,” ಎಂದಳು ಗಂಗವ್ವ.

ಮಾತು ಮುಗಿಯುವಷ್ಟರಲ್ಲಿ ಗಾಡಿಯ ಹಿಂದೆ ಬರುತ್ತಿದ್ದ ಜನ ನಗತೊಡಗಿತು. ಅವರ ನಡುವೆ, ಧೂಳುಗಾಲಿನಲ್ಲಿ, ಸೊಂಟಕ್ಕೆ ಸಂಚಿ ಸಿಕ್ಕಿಸಿಕೊಂಡು, ಕಾಲೆಳೆಯುತ್ತ ಅಣ್ಣ ಬರುತ್ತಿದ್ದ. ಟೆಂಟು ಯಾವ ಊರಿನಲ್ಲಿದೆಯೆಂದು ಅಷ್ಟು ತಿಂಗಳಿಗೆ ಪತ್ತೆಹಚ್ಚಿ ಅವತ್ತು ಬೆಳಿಗ್ಗೆ ಅಲ್ಲಿಗೆ ಹೋದವನಿಗೆ, ನಮಗೆ ಆಳು ಸಿಕ್ಕಿದ್ದಾನೆ, ನಿನ್ನ ನಡಿಗೆಯನ್ನೂ ಕಲಿತುಕೊಂಡಿದ್ದಾನೆ ಎಂದು ಹೇಳಿ ಕಳಿಸಿದ್ದರೆಂಬುದು ಆಮೇಲೆ ಅವ್ವನಿಂದ ತಿಳಿಯಿತು. ತನ್ನ ವೇಷವನ್ನು ಕೇಳುತ್ತ ಅವನು ಗಾಡಿಯ ಹಿಂದೆ ಬಿದ್ದಿದ್ದ. ಬೀದಿಗೆ ಅದೆಲ್ಲ ಏನು ಗೊತ್ತು?

“ನೋಡವ್ವ, ಇಂವ ಯಾವನೋ ರಕ್ಕಸನ್ನ ಅಣಕಸಾಕ ಹತ್ಯಾನ,” ಎಂದು ಗಂಗವ್ವ ಸೆರಗು ಬಾಯಿಗಿಟ್ಟು ನಕ್ಕಳು. “ನಿಮ್ಮಣ್ಣನ ಮುಂದ ಏನೂ ಅಲ್ಲ ಬಿಡು.”

ಅಣ್ಣ ತಲೆಯೆತ್ತಿ ಬಾಗಿಲಲ್ಲಿದ್ದ ನನ್ನನ್ನು ನೋಡಿದ. ಅವನ ಮುಖ ಅರಳಿತು. ನಾನು ಒಳಗೆ ಹೋದೆ. ನಾಚಿಕೆಯಾಯಿತು, ಬೇರೆ ಹೆಸರಿಟ್ಟು ಅದನ್ನು ಚಂದ ಮಾಡಲಾರೆ. ಯಾರೂ ಕೇಳದ ನೀರನ್ನು ಹಂಡೆಯಿಂದ ಕೊಡಕ್ಕೆ, ಕೊಡದಿಂದ ಹಂಡೆಗೆ ಸುರಿಯುತ್ತ ತಮಟೆ ದೂರವಾಗುವವರೆಗೂ ನಿಂತೆ. ಹೊರಗೆ ಬಂದಾಗ ಬೀದಿ ಖಾಲಿಯಾಗಿತ್ತು. ಬಾಗಿಲ ಚೌಕಟ್ಟಿನಲ್ಲಿ ಈ ದಬ್ಬಣ ಚುಚ್ಚಿಕೊಂಡಿತ್ತು.

ಆ ಮ್ಯಾನೇಜರನನ್ನು ಬಹಳ ವರ್ಷ ಶಪಿಸಿದೆ. ಶಪಿಸಲು ಒಬ್ಬ ಸಿಕ್ಕರೆ ಎಷ್ಟು ನೆಮ್ಮದಿ! ಅವನು ಕದ್ದದ್ದು ಕಂಬಳಿಯನ್ನು, ನಡಿಗೆಯನ್ನು. ಅಣ್ಣನನ್ನು ಅಣ್ಣನಲ್ಲ ಎಂದವಳು ನಾನು. ಅಣ್ಣ ಮತ್ತೆ ಉಣ್ಣೆ ಬಿಡಿಸುತ್ತ ಹಟ್ಟಿಯಲ್ಲೇ ಉಳಿದ. ನನ್ನ ಮಗನ ನಾಮಕರಣಕ್ಕೂ ಬಂದ, ನಗುನಗುತ್ತಲೇ ಉಂಡು ಹೋದ. ಒಮ್ಮೆಯಾದರೂ ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅದನ್ನು ಮಾತ್ರ ಅವನು ಕೊಡಲಿಲ್ಲ. ಹಾಗೆಯೇ ತೀರಿಕೊಂಡ.

ಈ ಸಲದ ಚೀಲ ಹೊಲಿದು ಮುಗಿಸಿ ಸೊಸೆ ದಬ್ಬಣವನ್ನು ನನ್ನ ಕೈಗಿಟ್ಟು, “ಇದು ಯಾರದ್ರಿ ಅತ್ತಿ?” ಎಂದಳು.

“ನಮ್ಮಣ್ಣಂದು,” ಎಂದೆ. “ಅಂವ ಕುಂಟ ಇದ್ದ. ರಕ್ಕಸನ ಹಿಂದ ಬರತಿದ್ದಂವ ನಮ್ಮಣ್ಣ.”

ಅಂದು ಗಂಗವ್ವನಿಗೆ ಹೇಳಬೇಕಾಗಿದ್ದ ಮಾತು ಇಷ್ಟೇ ಇತ್ತು. ಸೊಸೆ “ಹೌದ್ರಿ?” ಎಂದು ಚೀಲಗಳನ್ನು ಗೋಡೆಗೆ ಒರಗಿಸಲು ಹೋದಳು. ನಾನು ದಬ್ಬಣವನ್ನು ತೊಲೆಯ ಹಳೆಯ ತೂತಿಗೇ ಚುಚ್ಚಿದೆ.