ಮೂರು ವಿಷಲ್‌ನ ಆಟ

ನಲವತ್ತು ದಾಟಿದ ಮೇಲೆ ನಾನು ವಿಡಿಯೋ ಗೇಮ್ ಆಡಲು ಶುರು ಮಾಡಿದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರೆ ನಡೆಯುತ್ತದೆ, ಏಕೆಂದರೆ ಈಗ ಬಸ್ಸಿನಲ್ಲಿ ಕುಳಿತವರೆಲ್ಲ ತಲೆ ತಗ್ಗಿಸಿಕೊಂಡು ಮೊಬೈಲಿನಲ್ಲಿ ಹಾವು ಓಡಿಸುತ್ತಿರುತ್ತಾರೆ. ಆಗ ಮೊಬೈಲ್ ಇರಲಿಲ್ಲ. ಒಬ್ಬ ಹೆಂಗಸು, ಅದೂ ಆರನೇ ಕ್ಲಾಸಿನ ಮಗಳ ತಾಯಿ, ಅಡುಗೆಮನೆಯ ಬಾಗಿಲ ಹಿಂದೆ ಸ್ಟೂಲ್ ಹಾಕಿಕೊಂಡು ಇಟ್ಟಿಗೆ ಜೋಡಿಸುತ್ತಿದ್ದಳೆಂದರೆ ಜನ ಏನೆಂದುಕೊಳ್ಳುತ್ತಿದ್ದರೋ ಏನೋ.

ಆ ಡಬ್ಬಿ ನಿಮಗೂ ಗೊತ್ತಿರುತ್ತದೆ. ಅಂಗೈಯಗಲದ ಬೂದು ಪ್ಲಾಸ್ಟಿಕ್ಕು, ಎಡಗಡೆ ನಾಲ್ಕು ಗುಂಡಿ, ಬಲಗಡೆ ಒಂದು ದೊಡ್ಡ ಗುಂಡಿ. ಒಂಬತ್ತು ಸಾವಿರ ಚಿಲ್ಲರೆ ಆಟಗಳಿವೆ ಎಂದು ಅದರ ಮೇಲೇ ಬರೆದಿತ್ತು. ಇದ್ದದ್ದು ಹತ್ತೋ ಹನ್ನೆರಡೋ, ಉಳಿದವೆಲ್ಲ ಅವನ್ನೇ ಸ್ವಲ್ಪ ಜೋರಾಗಿ ಓಡಿಸಿದ್ದು. ಮಗಳ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟರು, ಅವಳಿಗೆ ವಾರದಲ್ಲಿ ಬೇಸರ ಬಂತು, ಮನೆಯಲ್ಲಿ ಬೇಡವಾದ ಎಲ್ಲ ವಸ್ತುಗಳ ಹಾಗೆ ಅದೂ ನನ್ನ ಪಾಲಿಗೆ ಬಂತು.

ದಣಿವಿನಲ್ಲಿ ಎರಡು ಬಗೆ. ಮಲಗಿದರೆ ಹೋಗುವುದು ಒಂದು. ಮಲಗಿದರೂ ಹೋಗದೆ ಮಂಚದ ಪಕ್ಕದಲ್ಲೇ ಕಾದಿದ್ದು ಬೆಳಿಗ್ಗೆ ನಮ್ಮ ಜೊತೆಗೇ ಏಳುವುದು ಇನ್ನೊಂದು. ನನ್ನದು ಎರಡನೆಯದು. ಮನೆ ಸುದ್ದಗುಂಟೆಪಾಳ್ಯದಲ್ಲಿ, ಮೊದಲ ಮಹಡಿ. ಕೆಲಸ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಆಫೀಸಿನಲ್ಲಿ, ದಿನವಿಡೀ ಹಾಜರಿ ಪಟ್ಟಿ ಟೈಪ್ ಮಾಡುವುದು. ಹಾಲ್‌ನಲ್ಲಿ ಹಾಕಿದ್ದ ಮಂಚದಲ್ಲಿ ಅತ್ತೆ. ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು, ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವಷ್ಟು ಮಾತ್ರ ಚೇತರಿಸಿಕೊಂಡಿದ್ದರು.

ಇಷ್ಟೆಲ್ಲದರ ನಡುವೆ ನನ್ನದು ಎಂದು ಹೇಳಿಕೊಳ್ಳಬಹುದಾದ ಸಮಯ ಒಂದೇ ಒಂದು ಇತ್ತು. ಕುಕ್ಕರ್ ಒಲೆಗೇರಿ ಮೂರನೇ ವಿಷಲ್ ಕೂಗುವ ತನಕ, ಹನ್ನೆರಡು ನಿಮಿಷ. ನಮ್ಮ ಹಿರಿಯರು ಕಾಲವನ್ನು ಬಲು ಸೂಕ್ಷ್ಮವಾಗಿ ಕತ್ತರಿಸಿದ್ದರು. ರೆಪ್ಪೆ ಬಡಿಯುವಷ್ಟು ಹೊತ್ತಿಗೂ ಹೆಸರಿತ್ತು, ಇಪ್ಪತ್ನಾಲ್ಕು ನಿಮಿಷ ಸೇರಿದರೆ ಒಂದು ಗಳಿಗೆ. ಅವರ ಪಂಚಾಂಗದಲ್ಲಿ ವಿಷಲ್ ಇರಲಿಲ್ಲ, ಅಷ್ಟೆ. ಮದುವೆಯಾದ ಮೇಲೆ ನನಗೆ ಒಂದು ಇಡೀ ಗಳಿಗೆ ಒಟ್ಟಿಗೆ ಸಿಕ್ಕಿದ ನೆನಪಿಲ್ಲ.

ಆ ಹನ್ನೆರಡು ನಿಮಿಷಕ್ಕೆ ಹೊಂದುವ ಆಟವನ್ನು ಆರಿಸುವುದು ಸಣ್ಣ ಕೆಲಸವಲ್ಲ. ಚೌಕಾಬಾರಕ್ಕೆ ನಾಲ್ಕು ಜನ ಬೇಕು, ಒಂದು ಮಧ್ಯಾಹ್ನ ಬೇಕು, ಕೊನೆಗೆ ಒಬ್ಬರು ಮುನಿಸಿಕೊಳ್ಳಲೂ ಬೇಕು. ಡಬ್ಬಿಯೊಳಗಿನ ಕಾರ್ ರೇಸು ಅರ್ಧ ನಿಮಿಷದಲ್ಲಿ ಗುದ್ದಿಕೊಂಡು ಮುಗಿಯುತ್ತಿತ್ತು. ಆಫೀಸಿಗೆ ಹೋಗುವ ದಾರಿಯಲ್ಲಿ ಬಸ್ಸಿನವನೇ ಅದನ್ನು ದಿನಾ ತೋರಿಸುತ್ತಿದ್ದುದರಿಂದ ನನಗೆ ಹೊಸದೇನೂ ಅನ್ನಿಸಲಿಲ್ಲ. ಹಾವಿನ ಆಟ ಮುಗಿಯುತ್ತಲೇ ಇರಲಿಲ್ಲ. ನಡುವೆ ನಿಲ್ಲಿಸಿ ಆಮೇಲೆ ಮುಂದುವರಿಸುವ ಗುಂಡಿ ಏನೋ ಇತ್ತು. ಆದರೆ ಅರ್ಧಕ್ಕೆ ನಿಂತ ಕೆಲಸಗಳು ಮನೆಯಲ್ಲೂ ಆಫೀಸಿನಲ್ಲೂ ಸಾಕಷ್ಟಿದ್ದವು, ಆಟದಲ್ಲೂ ಒಂದು ಬೇಕಿರಲಿಲ್ಲ. ನನಗೆ ಬೇಕಾದದ್ದು ಮುಗಿಯುವ ಆಟ. ದಿನಕ್ಕೆ ಒಂದಾದರೂ ಏನಾದರೂ ಪೂರ್ತಿ ಮುಗಿಯಲಿ ಎಂದು ಮನಸ್ಸು ಹಂಬಲಿಸುತ್ತಿತ್ತು.

ಕೊನೆಗೆ ಮೇಲಿನಿಂದ ಇಟ್ಟಿಗೆ ಬೀಳುವ ಆಟವೇ ಸರಿ ಎನಿಸಿತು. ಮೊದಲ ವೇಗದಲ್ಲಿ ಆಡಿದರೆ ಅನ್ನ ಸೀದುಹೋಗುವ ತನಕ ಆಡಬಹುದಿತ್ತು. ವೇಗವನ್ನು ಆರಕ್ಕೆ ಇಟ್ಟರೆ ಮಾತ್ರ ಸರಿಯಾಗಿ ಮೂರನೇ ವಿಷಲ್‌ಗೆ ಸೋಲುತ್ತಿದ್ದೆ. ಜನ ಗೆಲ್ಲುವುದಕ್ಕೆ ಅಭ್ಯಾಸ ಮಾಡುತ್ತಾರೆ, ನಾನು ಹೊತ್ತಿಗೆ ಸರಿಯಾಗಿ ಸೋಲುವುದಕ್ಕೆ ಅಭ್ಯಾಸ ಮಾಡಿದೆ.

ಆ ದೊಡ್ಡ ಗುಂಡಿ ಸವೆದು ಕೈಕೊಟ್ಟಾಗ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರದ ಆಟಿಕೆ ಅಂಗಡಿಗೆ ಹೋದೆ.

"ಬೇಗ ಮುಗಿಯೋ ಆಟ ಇರೋದು ಕೊಡಿ" ಎಂದೆ.

ಅಂಗಡಿಯವರು ಕನ್ನಡಕ ಸರಿಮಾಡಿಕೊಂಡರು. "ಎಲ್ರೂ ಮುಗೀದೇ ಇರೋದು ಕೇಳ್ತಾರೆ ಮೇಡಂ. ಮಗೂಗೆಷ್ಟು ವಯಸ್ಸು?"

"ಹನ್ನೊಂದು" ಎಂದು, ಮಗಳಿಗೇ ಎಂಬಂತೆ ಸುಳ್ಳು ಹೇಳಿ ಹೊಸ ಡಬ್ಬಿ ತಂದೆ.

ಆ ದಿನಗಳಲ್ಲಿ ನನ್ನನ್ನು ನಿಜವಾಗಿ ಕೊರೆಯುತ್ತಿದ್ದ ಚಿಂತೆ ಬೇರೆ. ಅತ್ತೆ ಊಟ ಬಿಡುತ್ತಿದ್ದರು. ಚೆನ್ನಾಗಿ ತಿಂದರೆ ಮಾತ್ರ ಮೈಗೆ ಶಕ್ತಿ ಬಂದೀತು ಎಂದು ಡಾಕ್ಟರು ಹೇಳಿದ್ದರು, ಇವರು ನೋಡಿದರೆ ನಾಲ್ಕು ತುತ್ತು ಕೆದಕಿ ತಟ್ಟೆ ಸರಿಸಿಬಿಡುತ್ತಿದ್ದರು. ಮಧ್ಯಾಹ್ನ ಬಂದು ಬಡಿಸುತ್ತಿದ್ದ ಕೆಳಗಿನ ಮನೆಯ ಓನರ್ ಆಂಟಿಯೂ ಅದನ್ನೇ ಹೇಳುತ್ತಿದ್ದರು. ರವಿಕೆಗಳೆಲ್ಲ ದೊಗಳೆಯಾಗುತ್ತಿದ್ದವು. ಸಾರು ಬದಲಿಸಿದೆ, ಗೊಜ್ಜು ಮಾಡಿದೆ, ಮೆಣಸು ಕಡಿಮೆ ಮಾಡಿದೆ. "ಸೇರಲ್ಲ ಕಣೇ, ಬಿಡು" ಎನ್ನುವರು. ಹಟವೇನೋ ಎಂದು ಸಿಟ್ಟೂ ಬರುತ್ತಿತ್ತು, ಹೀಗೇ ಕರಗಿಹೋದರೆ ಎಂದು ಭಯವೂ ಆಗುತ್ತಿತ್ತು.

ಅಡುಗೆಯಲ್ಲಿ ನಾನು ಮುಟ್ಟದೇ ಬಿಟ್ಟದ್ದು ಅನ್ನವನ್ನು ಮಾತ್ರ. ಅದು ಅತ್ತೆಯದೇ ಕಾನೂನು. ಮದುವೆಯಾದ ಮೊದಲ ವಾರದಲ್ಲಿ ನಾನು ಮಾಡಿದ ಅನ್ನ ಮುದ್ದೆಯಾಗಿದ್ದನ್ನು ನೋಡಿ, ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದರು. ಮೂರೇ ವಿಷಲ್, ಅನ್ನ ಉದುರುದುರಾಗಿರಬೇಕು, ನಾಲ್ಕನೆಯದು ಕೂಗಿತೆಂದರೆ ಮನೆಯವಳಿಗೆ ಅಡುಗೆಯ ಮೇಲೆ ಗಮನವಿಲ್ಲವೆಂದೇ ಅರ್ಥ. ಹದಿನಾಲ್ಕು ವರ್ಷ ನಾನು ಅದನ್ನು ಮೀರಿರಲಿಲ್ಲ.

ನಮ್ಮ ಮನೆಯಲ್ಲಿ ಪೆನ್ ಸೆಲ್‌ಗಳಿಗೆ ಸ್ವಂತ ಮನೆ ಎಂಬುದಿರಲಿಲ್ಲ. ಟಿವಿ ರಿಮೋಟಿನಿಂದ ಗಡಿಯಾರಕ್ಕೆ, ಗಡಿಯಾರದಿಂದ ಟಾರ್ಚಿಗೆ ವರ್ಗವಾಗುತ್ತ, ನಡುನಡುವೆ ಬಾಲ್ಕನಿಯಲ್ಲಿ ಬಿಸಿಲು ಕಾಯಿಸಿಕೊಂಡು, ಸರ್ಕಾರಿ ನೌಕರರ ಹಾಗೆ ಬದುಕುತ್ತಿದ್ದವು. ಒಂದು ಬೆಳಿಗ್ಗೆ ಆಟದ ನಡುವೆ ಡಬ್ಬಿ ಮಂಕಾಯಿತು. ಅತ್ತೆ ಬಚ್ಚಲಿನಲ್ಲಿದ್ದರು. ಅವರ ಮಂಚದ ಎದುರಿನ ಗಡಿಯಾರದ ಸೆಲ್ ತೆಗೆದು ಹಾಕಿಕೊಂಡೆ, ಐದು ನಿಮಿಷದಲ್ಲಿ ವಾಪಸ್ ಹಾಕಿದರಾಯಿತು ಎಂದು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು, ಡಬ್ಬಿಯನ್ನು ಹಾಗೇ ವ್ಯಾನಿಟಿ ಬ್ಯಾಗಿಗೆ ತುರುಕಿಕೊಂಡು ಓಡಿದೆ. ಮಧ್ಯಾಹ್ನ ಊಟದ ಡಬ್ಬಿಗೆ ಕೈಹಾಕಿದಾಗ ಆಟದ ಡಬ್ಬಿ ಸಿಕ್ಕಿತು, ಗಡಿಯಾರ ನೆನಪಾಯಿತು. ಇಡೀ ದಿನ ಆ ಮಂಚದಿಂದ ನೋಡುವುದಕ್ಕೆ ಅವರಿಗೆ ಇದ್ದದ್ದು ಆ ಗಡಿಯಾರ ಒಂದೇ.

ಸಂಜೆ ಬಂದು ಕುಕ್ಕರ್ ಏರಿಸಿ, ಸೆಲ್ ಹಿಡಿದುಕೊಂಡು ಗಡಿಯಾರದ ಹತ್ತಿರ ಹೋದೆ.

"ಬೆಳಿಗ್ಗೆಯಿಂದ ಎಂಟೂಕಾಲೇ ಆಗಿತ್ತು" ಎಂದರು ಅತ್ತೆ, ನಿಧಾನವಾಗಿ. "ನೀನು ತೆಗ್ದಿದ್ದಾ?"

"ಹೂಂ ಅತ್ತೆ. ಮರ್ತು ತಗೊಂಡ್ಹೋಗ್ಬಿಟ್ಟೆ."

"ಅಡುಗೆಮನೇಲಿ ಕೂತು ಆಡ್ತೀಯಲ್ಲ, ಅದಕ್ಕಾ?"

ನಾನು ಶಬ್ದ ಬಾರದಂತೆ ಮಾಡಿಕೊಂಡೇ ಆಡುತ್ತಿದ್ದೆ. ಗುಂಡಿಯ ಟಿಕಟಿಕ ಹಾಲ್ ತನಕ ಕೇಳುತ್ತದೆಂದು ಹೊಳೆದಿರಲಿಲ್ಲ.

"ಗಡಿಯಾರ ನಿಂತಿದ್ದೇ ಒಳ್ಳೇದಾಯ್ತು ಬಿಡು. ಓಡ್ತಾ ಇದ್ರೆ ಅದನ್ನೇ ನೋಡ್ತಾ ಕೂತಿರ್ತೀನಿ, ಅದು ಮುಂದಕ್ಕೇ ಹೋಗಲ್ಲ. ಎಲ್ಲಿ, ಆ ಆಟ ನಂಗೂ ಒಂಚೂರು ತೋರ್ಸು."

ನನಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಸಿಗದ ಮನೆಯಲ್ಲಿ ಅವರಿಗೆ ಇಡೀ ದಿನ ಖಾಲಿ ಇತ್ತು. ಇದು ನನಗೆ ಹೊಳೆದೇ ಇರಲಿಲ್ಲ ಎಂದು ನಾಚಿಕೆಯಾಯಿತು. ನಿಜ ಹೇಳುತ್ತೇನೆ, ನನ್ನ ಹನ್ನೆರಡು ನಿಮಿಷವೂ ಹೋಯಿತಲ್ಲ ಎಂದು ಸಂಕಟವೂ ಆಯಿತು.

ಸೆಲ್ ಡಬ್ಬಿಗೇ ಹೋಯಿತು. ಅವರ ಎಡಗೈಗೆ ಎಡಗಡೆಯ ಗುಂಡಿಗಳನ್ನು ಕೊಟ್ಟೆ. ಬಲಗಡೆಯ ದೊಡ್ಡ ಗುಂಡಿ, ಇಟ್ಟಿಗೆಯನ್ನು ತಿರುಗಿಸುವುದು, ನನ್ನ ಕೈಗೆ. ಅವರು ಸರಿಸಬೇಕು, ನಾನು ತಿರುಗಿಸಬೇಕು. ಅವರು ಒಂದು ಕಡೆಗೆ ಎಳೆದರೆ ನಾನು ಇನ್ನೊಂದು ಕಡೆಗೆ ತಿರುಗಿಸುತ್ತಿದ್ದೆ. ಹದಿನಾಲ್ಕು ವರ್ಷ ಆ ಅಡುಗೆಮನೆಯನ್ನು ನಡೆಸಿದ್ದೂ ಹೆಚ್ಚುಕಡಿಮೆ ಹೀಗೇ. ಒಂದು ನಿಮಿಷಕ್ಕೆ ಸೋತೆವು. "ಇನ್ನೊಂದ್ಸಲ" ಎಂದರು. ಮತ್ತೆ ಸೋತೆವು. ಒಂದು ಸಾಲು ಪೂರ್ತಿಯಾಗಿ ಮಾಯವಾದಾಗ ಅವರ ವಾಲಿದ ಬಾಯಿ ನಗುವುದಕ್ಕೆ ಹೊರಟಿತು. ಲಕ್ವ ಹೊಡೆದ ಮೇಲೆ ನಾನು ಅದನ್ನು ನೋಡಿರಲಿಲ್ಲ. ಕುಕ್ಕರ್ ಕೂಗುತ್ತಿತ್ತು. ನಾಲ್ಕನೆಯದು ಕೇಳಿತು, ಏಳಲಿಲ್ಲ. ಆರನೆಯದಕ್ಕೆ ಎದ್ದು ಓಡಿದೆ.

ಅನ್ನ ಕರಗಿ ಮುದ್ದೆಯಾಗಿತ್ತು. ನಮ್ಮವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ಬಾಯಿ ತೆರೆದರು. ಅಷ್ಟರಲ್ಲಿ ಅವರಮ್ಮನ ಕಡೆ ಕಣ್ಣು ಹೋಯಿತು. ಅತ್ತೆ ಎಡಗೈಯ ಚಮಚದಲ್ಲಿ ತುತ್ತಿನ ಮೇಲೆ ತುತ್ತು ತಿನ್ನುತ್ತಿದ್ದರು. ತಟ್ಟೆ ಬರಿದಾಯಿತು.

"ಇನ್ನೊಂಚೂರು ಹಾಕು" ಎಂದರು.

ಬಡಿಸುವಾಗ ನನಗೆ ಅರ್ಥವಾಯಿತು. ಉದುರುದುರು ಅನ್ನ ಅವರಿಂದ ಅಗಿಯುವುದಕ್ಕಾಗುತ್ತಿರಲಿಲ್ಲ. ತಾವೇ ಮಾಡಿದ ಕಾನೂನನ್ನು ಸಡಿಲಿಸು ಎಂದು ತಾವೇ ಕೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ಹಸಿದುಕೊಂಡೇ ಇಷ್ಟು ತಿಂಗಳು ಕಳೆದಿದ್ದರು.

"ಆರು ವಿಷಲ್ ಆಗ್ಹೋಯ್ತು ಅತ್ತೆ" ಎಂದೆ, ತಪ್ಪೊಪ್ಪಿಕೊಳ್ಳುವವಳ ಹಾಗೆ.

"ಆರೆಲ್ಲಿ? ಮೂರೇ. ನಾನು ಎಣಿಸ್ತಾ ಇದ್ನಲ್ಲ" ಎಂದರು, ತಟ್ಟೆಯಿಂದ ತಲೆ ಎತ್ತದೆ.

ಇರಬಹುದು ಎಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಕುಕ್ಕರ್ ಆರು ಸಲ ಕೂಗಿದರೆ ಮೂರು ವಿಷಲ್ ಎಂದೇ ಲೆಕ್ಕ. ಆಟವನ್ನೂ ಅದಕ್ಕೆ ತಕ್ಕಂತೆ ಬದಲಿಸಿದೆ, ವೇಗವನ್ನು ಆರರಿಂದ ಒಂದಕ್ಕೆ ಇಳಿಸಿದೆ. ನಾವಿಬ್ಬರೂ ಸೇರಿ ಆಡಿ ಸೋಲುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಆಗುತ್ತಿತ್ತು. ಗಡಿಯಾರಕ್ಕೆ ಸೆಲ್ ಹಾಕಿಯಾಗಿತ್ತು, ಒಂದು ದಿನ ನೋಡಿಯೇಬಿಟ್ಟೆ. ಸರಿಯಾಗಿ ಒಂದು ಗಳಿಗೆ.