ಹೂಂ ಅನ್ನವ್ವ

ಆ ಬೆಳಿಗ್ಗೆಯೂ ರೇಡಿಯೋ ವಾರ್ತೆ ಮುಗಿಯುವ ಹೊತ್ತಿಗೆ ಹಂಡೆಯ ನೀರು ಕಾದಿತ್ತು. ಬಾಣಂತಿಯರಿಗೆ ನೀರು ಹಾಕುವ ನ್ಯಾಮತಿಯ ಅಜ್ಜಿ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಬಚ್ಚಲಿಗೆ ಹೋದಳು. ಹೆತ್ತ ಕೂಸನ್ನು ಕಳೆದುಕೊಂಡ ದಿನದಿಂದ ನನ್ನ ತಂಗಿ ಮಾತೇ ಆಡಿರಲಿಲ್ಲ.

ಅಜ್ಜಿ ಎಣ್ಣೆ ತಿಕ್ಕುತ್ತಾ, ತನ್ನ ಅತ್ತೆಯ ಗೊಗ್ಗರು ದನಿಯನ್ನೇ ತೆಗೆದು ಮನೆಯ ಕಥೆ ಹೇಳುವಳು. ನಡುವೆ ನಿಲ್ಲಿಸಿ, "ಹೂಂ ಅನ್ನವ್ವ, ಇಲ್ಲಾಂದ್ರೆ ಕಥೆ ಮುಂದಕ್ ಹೋಗಲ್ಲ" ಎನ್ನುವಳು. ತಂಗಿ ಹೂಂ ಅನ್ನದೆ ಕಥೆ ದಿನವೂ ಅಲ್ಲಿಗೇ ನಿಲ್ಲುತ್ತಿತ್ತು.

ಅಂದು ಅಜ್ಜಿ, "ನನ್ ಮೊದ್ಲನೇ ಕೂಸೂ ಉಳೀಲಿಲ್ಲವ್ವ. ಸಮಾಧಾನ ಮಾಡಾಕೆ ಬಂದ ಅತ್ತೆ ಹಿಂಗೆ ಜಾರಿ ಬಿದ್ಲು ನೋಡು!" ಎಂದು ತಾನೇ ಧೊಪ್ಪನೆ ಕೂತಳು. ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ತಂಗಿಯ ನಗು ಕೇಳಿಸಿತು. ಆಮೇಲೆ ಅಳು. ಆಮೇಲೆ ಮೆಲ್ಲಗೆ, "ಹೂಂ."

ಸಂಜೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿದರು: "ಬೆಳಿಗ್ಗೆ ನಿಮ್ ಬಚ್ಚಲಾಗೆ ಯಾರೋ ನಗ್ತಿದ್ರಲ್ರೀ, ನೆಂಟ್ರು ಬಂದಾರೇನು?"